ಡಿಗಾಕ್ಸಿನ್ ಮಾತ್ರೆ ಮೈಗೆ ಅತಿಯಾದಾಗ: ರೋಗಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ಕಾಯಿಲೆಗೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೂ, ಅವರಿಗೆ ದಿನಾ ಮಾತ್ರೆ ಎತ್ತಿಕೊಡುವ ಮಗ, ಮಗಳು, ಸೊಸೆ, ಮೊಮ್ಮಕ್ಕಳಿಗೂ ಬರೆದದ್ದು ಇದು. ಒಪಿಡಿಯಲ್ಲಿ, ಕ್ಯಾಶುವಾಲ್ಟಿಯಲ್ಲಿ, ರಾತ್ರಿ ಫೋನಿನಲ್ಲಿ ಡಾಕ್ಟರಾದ ನನ್ನನ್ನು ಜನ ಕೇಳುವ ಪ್ರಶ್ನೆಗಳೇ ಇಲ್ಲಿವೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಊಟ ಸೇರುತ್ತಿಲ್ಲ, ವಾಕರಿಕೆ, ವಾಂತಿ, ಹಿಂದೆಂದೂ ಇಲ್ಲದ ಸುಸ್ತು ಅಂದರೆ ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಕಣ್ಣು ಕತ್ತಲೆ ಬಂದು ಬಿದ್ದರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ಎದೆ ವಿಪರೀತ ಹೊಡೆದುಕೊಂಡರೆ, ಮಾತು ತಡವರಿಸಿ ಗೊಂದಲವಾದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ. 108 ಕರೆಸಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೇ ಹೊರಡಿ.

ಡಿಗಾಕ್ಸಿನ್ ಅಂದರೆ ಯಾವ ಮಾತ್ರೆ? ನಮ್ಮ ಡಬ್ಬಿಯಲ್ಲಿ ಅದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಸ್ಟ್ರಿಪ್ಪಿನ ಹಿಂಭಾಗ ಓದಬೇಕು. ನಮ್ಮ ಕಡೆ ಹೆಚ್ಚು ಕೇಳಿಬರುವ ಬ್ರ್ಯಾಂಡ್ ಲ್ಯಾನಾಕ್ಸಿನ್. ಬೇರೆ ಕಂಪನಿಗಳವೂ ಇವೆ. ಬ್ರ್ಯಾಂಡ್ ಯಾವುದಾದರೂ ಔಷಧದ ಹೆಸರಿನ ಜಾಗದಲ್ಲಿ ಡಿಗಾಕ್ಸಿನ್ ಎಂದು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಸಿಗುವುದು 0.25 ಮಿ.ಗ್ರಾಂ., ಅಂದರೆ ಒಂದು ಮಿಲಿಗ್ರಾಮಿನ ಕಾಲು ಭಾಗ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಇರುತ್ತದೆ, ಇದರ 2000 ಪಟ್ಟು. ಇಷ್ಟು ಕಡಿಮೆ ತೂಕದಲ್ಲಿ ಕೆಲಸ ಮಾಡುವ ಔಷಧ ಸ್ವಲ್ಪ ಹೆಚ್ಚಾದರೂ ತೊಂದರೆ ಕೊಡುತ್ತದೆ.

ಬಹುತೇಕ ಮನೆಗಳಲ್ಲಿ ಇದಕ್ಕೆ ‘ಹಾರ್ಟಿನ ಮಾತ್ರೆ’ ಅಂತಲೇ ಹೆಸರು. ಆದರೆ ಹೃದಯ ರೋಗಿಯ ಡಬ್ಬಿಯಲ್ಲಿ ಐದಾರು ‘ಹಾರ್ಟಿನ ಮಾತ್ರೆ’ ಇರುತ್ತವೆ. ತುರ್ತಿನಲ್ಲಿ ಬಂದಾಗ ‘ಬಿಳೀದು, ಚಿಕ್ಕದು’ ಎಂದರೆ ನಮಗೆ ತಿಳಿಯುವುದಿಲ್ಲ. ಡಿಗಾಕ್ಸಿನ್ ಎಂಬ ಹೆಸರನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ.

ಇಷ್ಟು ಅಪಾಯ ಇರುವ ಮಾತ್ರೆಯನ್ನು ಕೊಡುವುದಾದರೂ ಯಾಕೆ?

ಉಪಯೋಗವಿದೆ, ಅದಕ್ಕೇ. ಮುಖ್ಯವಾಗಿ ಎರಡು ಕಡೆ ಬಳಸುತ್ತೇವೆ: ಹೃದಯದ ಪಂಪಿಂಗ್ ಕಡಿಮೆಯಾದಾಗ, ಮತ್ತು ಮೇಲಿನ ಕೋಣೆಗಳು ಲಯ ತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಬಡಿತದ ವೇಗ ತಗ್ಗಿಸಲು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲುವಾತದ ಜ್ವರ ಬಂದು ವಾಲ್ವ್ ಕೆಟ್ಟವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ. ಅವರಲ್ಲಿ ಅನೇಕರ ಚೀಟಿಯಲ್ಲಿ ಡಿಗಾಕ್ಸಿನ್ ಇರುತ್ತದೆ. ಬಿಪಿ ಕಡಿಮೆ ಇದ್ದು ಬೇರೆ ಮಾತ್ರೆ ತಾಳದವರಿಗೂ ಇದನ್ನು ಕೊಡಬಹುದು, ಏಕೆಂದರೆ ಇದು ಬಿಪಿ ಇಳಿಸುವುದಿಲ್ಲ.

ಇದರ ಮೂಲ ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಎಲೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಮೈ ನೀರು ತುಂಬಿ ಊದಿಕೊಂಡವರಿಗೆ ಆ ಎಲೆ ಕೊಟ್ಟು, ಕಂಡದ್ದನ್ನು 1785ರಲ್ಲಿ ಬರೆದಿಟ್ಟ. ಹೆಚ್ಚಾದರೆ ವಾಂತಿ, ನಿಧಾನ ನಾಡಿ, ವಸ್ತುಗಳು ಹಳದಿ–ಹಸಿರಾಗಿ ಕಾಣುವುದು, ಕೊನೆಗೆ ಸಾವು ಎಂದೂ ಆತನೇ ದಾಖಲಿಸಿದ್ದಾನೆ. ಎಲೆಯೊಳಗಿನ ಡಿಗಾಕ್ಸಿನ್ ಅನ್ನು ಬೇರ್ಪಡಿಸಿದ್ದು 1930ರಲ್ಲಿ. ಪಂಪಿಂಗ್ ಕಡಿಮೆಯಾದ 6800 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಇದು ಆಯಸ್ಸು ಹೆಚ್ಚಿಸಲಿಲ್ಲ, ಆದರೆ ಹೃದಯ ಸೋತು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಹಾಗಾಗಿ ಈಗ ಇದು ಎಲ್ಲರಿಗೂ ಮೊದಲ ಆಯ್ಕೆಯಲ್ಲ. ಬೇಕಾದವರಿಗೆ, ಚಿಕ್ಕ ಪ್ರಮಾಣದಲ್ಲಿ, ಕಣ್ಣಿಟ್ಟು ಕೊಡುವ ಔಷಧ.

ಅಪ್ಪ ಎಂಟು ಹತ್ತು ವರ್ಷದಿಂದ ಇದೇ ಮಾತ್ರೆ ತಗೋತಿದ್ದಾರೆ. ಏನೂ ಆಗಿರಲಿಲ್ಲ. ಈಗ ಹೇಗೆ ವಿಷವಾಯಿತು?

ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಮಾತ್ರೆ ಬದಲಾಗಿಲ್ಲ, ಅಪ್ಪನ ದೇಹ ಬದಲಾಗಿದೆ.

ಡಿಗಾಕ್ಸಿನ್ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ಚೆನ್ನಾಗಿರುವವರಲ್ಲಿ ಮೈಯಲ್ಲಿರುವುದರ ಅರ್ಧ ಖಾಲಿಯಾಗಲು ಒಂದೂವರೆಯಿಂದ ಎರಡು ದಿನ ಬೇಕು. ಕಿಡ್ನಿ ಪೂರ್ತಿ ಸೋತವರಲ್ಲಿ ಅದಕ್ಕೇ ನಾಲ್ಕೈದು ದಿನ ಹಿಡಿಯಬಹುದು. ವಯಸ್ಸಾದಂತೆ ಕಿಡ್ನಿ ತಾನಾಗಿಯೇ ನಿಧಾನವಾಗುತ್ತದೆ, ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಇನ್ನೂ ಬೇಗ. ಅರವತ್ತರಲ್ಲಿ ಸರಿಹೋಗುತ್ತಿದ್ದ ಮಾತ್ರೆ ಎಪ್ಪತ್ತೈದರಲ್ಲಿ ದಿನಾ ಸ್ವಲ್ಪ ಸ್ವಲ್ಪ ಒಳಗೆ ಉಳಿದುಕೊಳ್ಳುತ್ತಾ ಬರುತ್ತದೆ. ವಯಸ್ಸಾದವರು ತೂಕ ಇಳಿದು ಬಡಕಲಾಗಿದ್ದರೆ ಕಿಡ್ನಿ ಹೇಗಿದೆ ಎಂದು ನೋಡುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆಯ ವರದಿ ‘ನಾರ್ಮಲ್’ ಅಂತ ಬಂದರೂ ಕಿಡ್ನಿ ಸೋತಿರುವ ಸಾಧ್ಯತೆ ಇದೆ, ಏಕೆಂದರೆ ಮಾಂಸಖಂಡ ಕಡಿಮೆ ಇದ್ದಾಗ ಆ ಅಂಕಿ ಏರುವುದಿಲ್ಲ.

ಅದರ ಮೇಲೆ ನಾಲ್ಕು ದಿನ ಭೇದಿ ಆದರೆ, ಜ್ವರ ಬಂದು ನೀರು ಕುಡಿಯದಿದ್ದರೆ, ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಮೈ ನೀರೆಲ್ಲ ಬೆವರಾಗಿ ಹೋದರೆ, ಏಕಾದಶಿಗೋ ರಂಜಾನಿಗೋ ನೀರೂ ಬಿಟ್ಟು ಉಪವಾಸ ಹಿಡಿದರೆ, ಮೂತ್ರ ಕಡಿಮೆಯಾಗುತ್ತದೆ. ಮೂತ್ರ ಕಡಿಮೆಯಾದರೆ ಡಿಗಾಕ್ಸಿನ್ ಒಳಗೇ ನಿಲ್ಲುತ್ತದೆ. ಭೇದಿಯಲ್ಲಿ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯಿಂದ ಪೊಟ್ಯಾಶಿಯಂ ಎಂಬ ಲವಣ ಕೂಡ ಸೋರಿಹೋಗಿರುತ್ತದೆ. ಹೃದಯದ ಜೀವಕೋಶಗಳ ಗೋಡೆಯಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುವ ಪಂಪುಗಳಿವೆ. ಡಿಗಾಕ್ಸಿನ್ ಅಂಟಿಕೊಂಡು ತಡೆಯುವುದು ಆ ಪಂಪನ್ನೇ. ಪೊಟ್ಯಾಶಿಯಂ ಸಾಕಷ್ಟಿದ್ದರೆ ಡಿಗಾಕ್ಸಿನ್‌ಗೆ ಅಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ. ಪೊಟ್ಯಾಶಿಯಂ ಕುಸಿದಾಗ ಅದೇ ಹಳೆಯ ಪ್ರಮಾಣವೇ ವಿಷದಂತೆ ವರ್ತಿಸುತ್ತದೆ. ಮೆಗ್ನೀಶಿಯಂ ಕಡಿಮೆಯಾದರೆ, ಕ್ಯಾಲ್ಸಿಯಂ ಹೆಚ್ಚಾದರೆ, ಥೈರಾಯ್ಡ್ ಕುಂದಿದರೆ ಕೂಡ ಅಪಾಯ ಹೆಚ್ಚುತ್ತದೆ.

ಮೊದಲು ಕಾಣಿಸುವ ಲಕ್ಷಣ ಯಾವುದು? ಎದೆನೋವು ಬರುತ್ತದೆಯೇ?

ಹೆಚ್ಚಿನವರಲ್ಲಿ ಬರುವುದಿಲ್ಲ. ದಾರಿ ತಪ್ಪುವುದು ಇಲ್ಲೇ. ಹಾರ್ಟಿನ ಮಾತ್ರೆ ಜಾಸ್ತಿಯಾದರೆ ಹಾರ್ಟಿನಲ್ಲೇ ಗೊತ್ತಾಗುತ್ತದೆ ಎಂದು ಮನೆಯವರು ಕಾಯುತ್ತಾರೆ. ಆದರೆ ಮೊದಲು ಕೆಡುವುದು ಹೊಟ್ಟೆ. ಊಟದ ಮೇಲೆ ಆಸೆ ಹೋಗುತ್ತದೆ. ಕಾಫಿಯ ವಾಸನೆಗೂ ವಾಕರಿಕೆ. ಆಮೇಲೆ ವಾಂತಿ, ಹೊಟ್ಟೆನೋವು, ಕೆಲವರಿಗೆ ಭೇದಿ. ಜೊತೆಗೆ ಎದ್ದು ಬಚ್ಚಲಿಗೆ ಹೋಗಲೂ ಆಗದ ಸುಸ್ತು. ವಯಸ್ಸಾದವರಲ್ಲಿ ಗೊಂದಲ: ಹಗಲೋ ರಾತ್ರಿಯೋ ತಿಳಿಯದಿರುವುದು, ಇಲ್ಲದವರು ಇದ್ದಂತೆ ಮಾತಾಡುವುದು. ಇದನ್ನು ‘ವಯಸ್ಸಾಯಿತು, ಅರಳುಮರಳು’ ಎಂದು ತಳ್ಳಿಹಾಕುವುದು ಸುಲಭ. ಎರಡು ಮೂರು ದಿನದಲ್ಲಿ ಹೊಸದಾಗಿ ಶುರುವಾದ ಗೊಂದಲ ಯಾವತ್ತೂ ವಯಸ್ಸಿನದಲ್ಲ, ಕಾಯಿಲೆಯದು.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ವಾಲ್ವ್ ತೊಂದರೆ, ದಿನಕ್ಕೊಂದು ಡಿಗಾಕ್ಸಿನ್, ಎರಡು ನೀರಿನ ಮಾತ್ರೆ. ಮದುವೆ ಮನೆಯ ಊಟದ ನಂತರ ಭೇದಿ ಹತ್ತಿತು. ಊಟ ಬಿಟ್ಟರು, ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಲಿಲ್ಲ. ಸೊಸೆ ಬಹಳ ಅಕ್ಕರೆಯಿಂದ ಗಂಜಿ ಕುಡಿಸಿ, ಡಾಕ್ಟರು ಹೇಳಿದ ಮಾತ್ರೆ ತಪ್ಪಿಸಬಾರದೆಂದು ನುಂಗಿಸುತ್ತಲೇ ಇದ್ದಳು. ವಾಂತಿ ಶುರುವಾದಾಗ ಪಿತ್ತ ಅಂದರು, ಮೆಡಿಕಲ್ಸಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದರು. ನಮ್ಮಲ್ಲಿಗೆ ಬಂದಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ನಾಡಿ 38. ಹಾಸಿಗೆಯ ಬಿಳಿ ಹೊದಿಕೆ ತೋರಿಸಿ, ‘ಇದ್ಯಾಕಪ್ಪಾ ಇದಕ್ಕೆ ಅರಿಸಿನ ಹಾಕಿದೀರಿ’ ಎಂದು ಕೇಳಿದರು. ರೋಗ ಏನೆಂದು ಅರ್ಧ ತಿಳಿದದ್ದು ಆ ಮಾತಿನಿಂದ. ಸೊಸೆಯದು ತಪ್ಪೇನೂ ಇರಲಿಲ್ಲ. ಭೇದಿಯಾದಾಗ ಈ ಮಾತ್ರೆಯ ಬಗ್ಗೆ ಕೇಳಬೇಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎಲ್ಲರಿಗೂ ಹಳದಿ ಕಾಣುತ್ತದೆಯೇ?

ಇಲ್ಲ. ದೀಪದ ಸುತ್ತ ಬಳೆಯಂಥ ಬೆಳಕು, ಮಸುಕು, ಹಳದಿ ಅಥವಾ ಹಸಿರು ಛಾಯೆ ಕಂಡರೆ ಡಿಗಾಕ್ಸಿನ್ ನೆನಪಾಗಬೇಕು. ಕಾಣದಿದ್ದರೆ ವಿಷ ಏರಿಲ್ಲ ಎಂದು ಅರ್ಥವಲ್ಲ. ಕಣ್ಣಿನ ಪೊರೆ ಇರುವವರು ಮಂಜು ಎಂದಷ್ಟೇ ಹೇಳುತ್ತಾರೆ. ‘ಬಣ್ಣ ಏನಾದರೂ ಬೇರೆ ಥರ ಕಾಣುತ್ತಾ?’ ಎಂದು ನೀವೇ ಕೇಳಿ.

ಮನೆಯಲ್ಲಿ ನಾಡಿ ನೋಡುವುದು ಹೇಗೆ? ಎಷ್ಟಿದ್ದರೆ ಚಿಂತೆ ಮಾಡಬೇಕು?

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರಬದಿಯಲ್ಲಿ ಎರಡು ಬೆರಳಿಡಿ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲಯ ತಪ್ಪಿದವರಲ್ಲಿ ಲೆಕ್ಕ ಹೊಂದುವುದಿಲ್ಲ. ಬೆಳಿಗ್ಗೆ ಮಾತ್ರೆಗೆ ಮುಂಚೆ ನೋಡಿ, ಕ್ಯಾಲೆಂಡರಿನ ಅದೇ ತಾರೀಖಿನ ಮನೆಯಲ್ಲಿ ಬರೆಯಿರಿ. 60ಕ್ಕಿಂತ ಕಡಿಮೆ ಇದ್ದರೆ ಆ ದಿನದ ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. 50ಕ್ಕಿಂತ ಕಡಿಮೆ ಅಥವಾ ತಲೆಸುತ್ತು ಜೊತೆಗಿದ್ದರೆ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಸೂಕ್ಷ್ಮವನ್ನು ಕಡಿಮೆ ಜನಕ್ಕೆ ಹೇಳಿರುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಇರುವವರ ನಾಡಿ ಯಾವಾಗಲೂ ಅಡ್ಡಾದಿಡ್ಡಿ ಬಡಿಯುತ್ತದೆ. ಅಂಥವರ ನಾಡಿ ಇದ್ದಕ್ಕಿದ್ದಂತೆ ನಿಧಾನವಾಗಿ, ಕ್ರಮಬದ್ಧವಾಗಿ ಬಡಿಯತೊಡಗಿದರೆ ಗುಣವಾಯಿತು ಎಂದು ಸಂತೋಷಪಡಬೇಡಿ. ಮೇಲಿನಿಂದ ಸಂದೇಶ ಕೆಳಗೆ ಇಳಿಯುವುದು ಪೂರ್ತಿ ನಿಂತು, ಕೆಳಗಿನ ಭಾಗ ತನ್ನಷ್ಟಕ್ಕೆ ಬಡಿಯುತ್ತಿರಬಹುದು. ಇಸಿಜಿ ಆಗಲೇಬೇಕು.

ಯಾವ ಯಾವ ಮಾತ್ರೆಗಳ ಜೊತೆ ಇದು ಹೊಂದುವುದಿಲ್ಲ?

ಪಟ್ಟಿ ಉದ್ದವಿದೆ. ದಿನನಿತ್ಯ ಎದುರಾಗುವುದನ್ನಷ್ಟೇ ಹೇಳುತ್ತೇನೆ.

ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್ ಡಿಗಾಕ್ಸಿನ್ ಮಟ್ಟವನ್ನು ಬಹಳ ಏರಿಸುತ್ತದೆ. ಅದು ಸೇರಿದಾಗ ಡಿಗಾಕ್ಸಿನ್ ಪ್ರಮಾಣವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತೇವೆ. ಅಮಿಯೊಡರೋನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ವಾರಗಟ್ಟಲೆ ಉಳಿಯುತ್ತದೆ. ವೆರಪಮಿಲ್ ಕೂಡ ಮಟ್ಟ ಏರಿಸುತ್ತದೆ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು, ಡಿಲ್ಟಿಯಾಜೆಮ್ ನಾಡಿಯನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಜೊತೆಯಾಗಿ ಕೊಡಲೇಬಾರದು ಎಂದಿಲ್ಲ, ಎಷ್ಟೋ ಸಲ ನಾವೇ ಕೊಡುತ್ತೇವೆ. ಆದರೆ ಕೊಟ್ಟವರಿಗೆ ಎರಡೂ ಇರುವುದು ಗೊತ್ತಿರಬೇಕು.

ಕೆಮ್ಮು, ಗಂಟಲು ನೋವಿಗೆ ಬರೆಯುವ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್. ಚರ್ಮದ ಗಜಕರ್ಣಕ್ಕೆ ಈಗ ಧಾರಾಳವಾಗಿ ಬರೆಯುವ ಇಟ್ರಾಕೊನಜೋಲ್: ಇವೂ ಮಟ್ಟ ಏರಿಸುತ್ತವೆ. ಚರ್ಮದ ಡಾಕ್ಟರಿಗೆ ಹಾರ್ಟಿನ ಮಾತ್ರೆಯ ಸುದ್ದಿ ಯಾಕೆ ಎಂದುಕೊಳ್ಳಬೇಡಿ, ಹೇಳಲೇಬೇಕು.

ಫ್ಯೂರೊಸೆಮೈಡ್, ಟಾರ್ಸೆಮೈಡ್‌ನಂಥ ನೀರಿನ ಮಾತ್ರೆಗಳು ಪೊಟ್ಯಾಶಿಯಂ ಹೊರಹಾಕುತ್ತವೆ. ಹೃದಯ ರೋಗಿಗೆ ಅವು ಬೇಕೇ ಬೇಕು, ಹಾಗಾಗಿ ರಕ್ತ ಪರೀಕ್ಷೆಯೂ ಬೇಕೇ ಬೇಕು.

ನನಗೆ ಹೆಚ್ಚು ಆತಂಕವಿರುವುದು ಮಂಡಿನೋವಿನ ಮಾತ್ರೆಗಳ ಬಗ್ಗೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಯಾವ ಅಂಗಡಿಯಲ್ಲೂ ಕೇಳಿದ ತಕ್ಷಣ ಸಿಗುತ್ತವೆ. ಅವು ಕಿಡ್ನಿಯ ಕೆಲಸ ತಗ್ಗಿಸುತ್ತವೆ, ಮೈಯಲ್ಲಿ ನೀರು ನಿಲ್ಲಿಸುತ್ತವೆ. ನಾಲ್ಕು ದಿನ ಮಂಡಿನೋವಿಗೆ ನುಂಗಿದ್ದು ಐದನೇ ದಿನ ಡಿಗಾಕ್ಸಿನ್ ವಿಷವಾಗಿ ಬರಬಹುದು. ನೋವಿಗೆ ಏನು ತೆಗೆದುಕೊಳ್ಳಬಹುದು ಎಂದು ನಿಮ್ಮ ಡಾಕ್ಟರನ್ನೇ ಮೊದಲೇ ಕೇಳಿಟ್ಟುಕೊಳ್ಳಿ.

ನಾಟಿ ಔಷಧ, ಕಷಾಯ, ಚೂರ್ಣ ತೆಗೆದುಕೊಳ್ಳಬಹುದೇ?

ಎರಡರ ಬಗ್ಗೆ ಖಚಿತವಾಗಿ ಎಚ್ಚರ ಹೇಳುತ್ತೇನೆ. ಜ್ಯೇಷ್ಠಮಧುವನ್ನು ಕೆಮ್ಮಿಗೆಂದು ದಿನಗಟ್ಟಲೆ ಸೇವಿಸಿದರೆ ಪೊಟ್ಯಾಶಿಯಂ ಇಳಿಯುತ್ತದೆ. ಮಲಬದ್ಧತೆಗೆ ಬಳಸುವ ಸೋನಾಮುಖಿ ಬೆರೆತ ಚೂರ್ಣಗಳು ಭೇದಿ ಮಾಡಿಸಿ ಅದೇ ತೊಂದರೆ ತರುತ್ತವೆ. ಪೊಟ್ಟಣದ ಮೇಲೆ ಏನೇನಿದೆ ಎಂದು ಬರೆದಿಲ್ಲದ ಔಷಧವನ್ನು ಡಿಗಾಕ್ಸಿನ್ ಜೊತೆ ತೆಗೆದುಕೊಳ್ಳಬೇಡಿ.

ಪೊಟ್ಯಾಶಿಯಂ ಕಡಿಮೆಯಾದರೆ ಅಪಾಯ ಅಂದಿರಿ. ಹಾಗಾದರೆ ಎಳನೀರು, ಬಾಳೆಹಣ್ಣು ಜಾಸ್ತಿ ಕೊಡಬಹುದಲ್ಲ?

ಕೇಳದೆ ಕೊಡಬೇಡಿ. ಕಿಡ್ನಿ ಸೋತವರಲ್ಲಿ, ಪೊಟ್ಯಾಶಿಯಂ ಉಳಿಸಿಕೊಳ್ಳುವ ನೀರಿನ ಮಾತ್ರೆಯಾದ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಶಿಯಂ ಮೊದಲೇ ಹೆಚ್ಚಿರಬಹುದು. ಒಮ್ಮೆಲೇ ಬಹಳ ಡಿಗಾಕ್ಸಿನ್ ನುಂಗಿದವರಲ್ಲಂತೂ ಜೀವಕೋಶದ ಗೋಡೆಯ ಆ ಪಂಪುಗಳು ನಿಂತು ಪೊಟ್ಯಾಶಿಯಂ ಹೊರಗೇ ಉಳಿದು ರಕ್ತದಲ್ಲಿ ಏರುತ್ತದೆ, ಹಾಗೆ ಏರುವುದು ಗಂಭೀರ ವಿಷದ ಗುರುತು. ಅಂಥವರಿಗೆ ಎಳನೀರಿನ ಮೇಲೆ ಎಳನೀರು ಕುಡಿಸಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಪೊಟ್ಯಾಶಿಯಂ ಸಿರಪ್ ಮನೆಯಲ್ಲಿ ಉಳಿದಿದೆ ಎಂದು ಅದನ್ನೂ ಕುಡಿಸಬೇಡಿ. ರಕ್ತದಲ್ಲಿ ಎಷ್ಟಿದೆ ಎಂದು ನೋಡದೆ ಕಡಿಮೆಯೋ ಹೆಚ್ಚೋ ಯಾರಿಗೂ ಹೇಳಲಾಗದು. ದಿನದ ಊಟದಲ್ಲಿ ಒಂದು ಬಾಳೆಹಣ್ಣು ತಿನ್ನುತ್ತಿದ್ದವರು, ಡಾಕ್ಟರು ಬೇಡ ಎನ್ನದಿದ್ದರೆ, ತಿನ್ನುತ್ತಿರಲಿ.

ಒಂದು ಹೊತ್ತು ಮರೆತರೆ? ಮರೆತು ಎರಡು ಸಲ ನುಂಗಿದರೆ?

ಮರೆತದ್ದು ಹನ್ನೆರಡು ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಿ. ಅದಕ್ಕೂ ತಡವಾದರೆ ಬಿಟ್ಟುಬಿಡಿ, ಮರುದಿನ ಎಂದಿನಂತೆ ಒಂದೇ. ಎರಡು ಸೇರಿಸಿ ನುಂಗುವುದು ಬೇಡವೇ ಬೇಡ. ಈ ಔಷಧ ಮೈಯಲ್ಲಿ ಬಹಳ ಹೊತ್ತು ಇರುವುದರಿಂದ ಒಂದು ದಿನ ತಪ್ಪಿದರೆ ಸಾಮಾನ್ಯವಾಗಿ ಕೇಡಾಗುವುದಿಲ್ಲ.

ಎರಡು ಸಲ ನುಂಗಿದ್ದರೆ ಗಾಬರಿ ಬೇಡ, ಆದರೆ ಆಗಲೇ ಡಾಕ್ಟರಿಗೆ ತಿಳಿಸಿ. ಕಿಡ್ನಿ ತೊಂದರೆ ಇರುವವರು, ಬಹಳ ವಯಸ್ಸಾದವರು ಆದರೆ ಇಸಿಜಿ ಮಾಡಿಸಿಕೊಳ್ಳುವುದು ಒಳ್ಳೆಯದು. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಇಟ್ಟುಕೊಂಡರೆ ನುಂಗಿದೆವೋ ಇಲ್ಲವೋ ಎಂಬ ಗೊಂದಲವೇ ಇರುವುದಿಲ್ಲ.

ಶನಿವಾರ, ಭಾನುವಾರ ಬಿಡಿ ಎಂದು ಬರೆದಿದ್ದಾರೆ. ಅದು ಯಾಕೆ?

ವಾರಕ್ಕೆ ಐದು ದಿನ ಕೊಡುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ಒಳಗೆ ಜಮೆಯಾಗದಿರಲಿ ಎಂಬುದು ಉದ್ದೇಶ. ನನ್ನ ಅಭಿಪ್ರಾಯದಲ್ಲಿ ದಿನಾ ಅರ್ಧ ಮಾತ್ರೆ ಕೊಡುವುದು ಇದಕ್ಕಿಂತ ಸರಳ, ಮಟ್ಟವೂ ಒಂದೇ ಸಮ ಇರುತ್ತದೆ. ಆದರೆ ನಿಮ್ಮ ಡಾಕ್ಟರು ಐದು ದಿನ ಎಂದಿದ್ದರೆ ಐದೇ ದಿನ. ಬಿಟ್ಟ ಎರಡು ದಿನದ್ದನ್ನು ಸೋಮವಾರ ಸೇರಿಸಿ ಕೊಟ್ಟ ಮನೆಗಳನ್ನೂ ನೋಡಿದ್ದೇನೆ. ಹಾಗೆ ಮಾಡಬೇಡಿ.

ರಕ್ತದಲ್ಲಿ ಡಿಗಾಕ್ಸಿನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆಯಂತೆ. ಯಾವಾಗ ಮಾಡಿಸಬೇಕು?

ಇದೆ. ದೊಡ್ಡ ಲ್ಯಾಬ್‌ಗಳಲ್ಲಿ ಮಾಡುತ್ತಾರೆ, ಸಣ್ಣ ಊರಿನಿಂದಾದರೆ ಮಾದರಿ ಕಳುಹಿಸುತ್ತಾರೆ. ಸಮಯ ಬಹಳ ಮುಖ್ಯ. ಮಾತ್ರೆ ನುಂಗಿ ಕನಿಷ್ಠ ಆರು ಗಂಟೆ ಕಳೆದಿರಬೇಕು. ನುಂಗಿದ ಒಂದೆರಡು ಗಂಟೆಯಲ್ಲೇ ರಕ್ತ ಕೊಟ್ಟರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಅದಕ್ಕೇ ರಾತ್ರಿ ಮಾತ್ರೆ ತೆಗೆದುಕೊಂಡು ಬೆಳಿಗ್ಗೆ ರಕ್ತ ಕೊಡುವುದು ಅನುಕೂಲ. ಮಾತ್ರೆ ನುಂಗಿದ ಸಮಯವನ್ನು ಲ್ಯಾಬಿನ ಚೀಟಿಯಲ್ಲಿ ಬರೆಸಿ.

ಪಂಪಿಂಗ್ ಕಡಿಮೆ ಇರುವವರಲ್ಲಿ ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಸಾಕು ಎಂಬುದು ಈಗಿನ ತಿಳಿವಳಿಕೆ. 2ಕ್ಕಿಂತ ಮೇಲಿದ್ದರೆ ವಿಷದ ಸಾಧ್ಯತೆ ಹೆಚ್ಚು. ಎಷ್ಟೋ ಲ್ಯಾಬ್ ವರದಿಗಳಲ್ಲಿ 2ರವರೆಗೂ ‘ನಾರ್ಮಲ್’ ಎಂಬ ಹಳೆಯ ಲೆಕ್ಕವೇ ಇನ್ನೂ ಅಚ್ಚಾಗುತ್ತದೆ. ಪೊಟ್ಯಾಶಿಯಂ ಕುಸಿದವರಲ್ಲಿ 1.5ಕ್ಕೇ ಲಯ ಕೆಡಬಹುದು. ಹಾಗಾಗಿ ಅಂಕಿ ನಾರ್ಮಲ್, ಆದರೆ ರೋಗಿ ವಾಂತಿ ಮಾಡುತ್ತಿದ್ದಾರೆ, ನಾಡಿ 45 ಅಂದರೆ ನಾನು ನಂಬುವುದು ರೋಗಿಯನ್ನು.

ಈ ಪರೀಕ್ಷೆ ನಿಮ್ಮ ಊರಿನಲ್ಲಿ ಸಿಗದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಶಿಯಂ ಮತ್ತು ಒಂದು ಇಸಿಜಿಯಿಂದ ಬಹುಪಾಲು ತೀರ್ಮಾನ ಮಾಡಬಹುದು.

ಇಸಿಜಿಯಲ್ಲಿ ‘ಡಿಗಾಕ್ಸಿನ್ ಎಫೆಕ್ಟ್’ ಎಂದು ಬರೆದಿದ್ದಾರೆ. ವಿಷ ಏರಿದೆ ಅಂತಲೇ?

ಅಲ್ಲ. ಈ ಮಾತ್ರೆ ತೆಗೆದುಕೊಳ್ಳುವವರ ಇಸಿಜಿಯಲ್ಲಿ ಒಂದು ಭಾಗ ಕೆಳಕ್ಕೆ ಸೌಟಿನಂತೆ ಬಾಗುತ್ತದೆ. ಔಷಧ ಮೈಗೆ ಹತ್ತಿದೆ ಎಂದಷ್ಟೇ ಅದರ ಅರ್ಥ. ವಿಷದ ಗುರುತುಗಳು ಬೇರೆ: ನಡುನಡುವೆ ಹೆಚ್ಚುವರಿ ಬಡಿತಗಳು, ಒಂದು ಸರಿ ಒಂದು ಹೆಚ್ಚುವರಿ ಎಂಬಂತೆ ಜೋಡಿ ಬಡಿತ, ಮೇಲಿನಿಂದ ಕೆಳಗಿನ ಸಂದೇಶಕ್ಕೆ ತಡೆ, ಅಥವಾ ಮೇಲೆ ವೇಗ ಕೆಳಗೆ ನಿಧಾನ.

ಆಸ್ಪತ್ರೆಯಲ್ಲಿ ಏನು ಚಿಕಿತ್ಸೆ ಕೊಡುತ್ತಾರೆ?

ಮೊದಲು ಡಿಗಾಕ್ಸಿನ್ ನಿಲ್ಲಿಸುತ್ತಾರೆ. ಮಾನಿಟರಿಗೆ ಜೋಡಿಸಿ ಲಯದ ಮೇಲೆ ಕಣ್ಣಿಡುತ್ತಾರೆ. ಕಿಡ್ನಿ, ಪೊಟ್ಯಾಶಿಯಂ, ಮೆಗ್ನೀಶಿಯಂ ನೋಡುತ್ತಾರೆ. ಮೈ ಒಣಗಿದ್ದರೆ ಡ್ರಿಪ್, ಆದರೆ ಪಂಪಿಂಗ್ ಕಡಿಮೆ ಇರುವವರಿಗೆ ಅಳೆದು ಅಳೆದು. ಪೊಟ್ಯಾಶಿಯಂ ಕಡಿಮೆ ಇದ್ದರೆ ನಿಧಾನವಾಗಿ ತುಂಬುತ್ತಾರೆ. ಸೌಮ್ಯವಾದ ತೊಂದರೆ ಇಷ್ಟಕ್ಕೇ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕಿಡ್ನಿ ಕೆಟ್ಟವರಲ್ಲಿ ವಾರವೂ ಹಿಡಿಯಬಹುದು, ಆದ್ದರಿಂದ ‘ಚೆನ್ನಾಗಿದ್ದಾರೆ, ಮನೆಗೆ ಕಳಿಸಿ’ ಎಂದು ಅವಸರ ಮಾಡಬೇಡಿ.

ನಾಡಿ ಬಹಳ ನಿಧಾನವಾಗಿದ್ದರೆ ಅಟ್ರೊಪಿನ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ರಕ್ತನಾಳದ ಮೂಲಕ ತಂತಿ ಹಾಕಿ, ಹೃದಯ ಬಡಿಯುವಂತೆ ಮಾಡುವ ತಾತ್ಕಾಲಿಕ ಪೇಸ್‌ಮೇಕರ್. ಕೆಳಗಿನ ಕೋಣೆಗಳಿಂದ ಅಪಾಯದ ಬಡಿತ ಹುಟ್ಟಿದರೆ ಲಿಡೊಕೇನ್, ಮೆಗ್ನೀಶಿಯಂ, ಕೆಲವೊಮ್ಮೆ ಫಿಟ್ಸಿಗೆ ಕೊಡುವ ಫೆನಿಟಾಯಿನ್. ಕರೆಂಟ್ ಶಾಕ್ ಕೊಡುವುದನ್ನು ಪ್ರಾಣಕ್ಕೆ ಬಂದಾಗ ಮಾತ್ರ ಯೋಚಿಸುತ್ತಾರೆ, ಏಕೆಂದರೆ ಈ ಸ್ಥಿತಿಯಲ್ಲಿ ಅದರಿಂದಲೇ ಲಯ ಇನ್ನೂ ಕೆಡಬಹುದು.

ಇದಕ್ಕೆ ನೇರ ಪ್ರತಿವಿಷವೂ ಇದೆ. ಕುರಿಗಳ ಮೈಯಲ್ಲಿ ತಯಾರಾಗುವ ಪ್ರತಿಕಾಯದ ತುಣುಕುಗಳು ರಕ್ತದಲ್ಲಿರುವ ಡಿಗಾಕ್ಸಿನ್ ಅನ್ನು ಹಿಡಿದುಕೊಂಡು ನಿಷ್ಕ್ರಿಯ ಮಾಡುತ್ತವೆ. 40 ಮಿ.ಗ್ರಾಂ.ನ ಒಂದು ವಯಲ್ ಸುಮಾರು 0.5 ಮಿ.ಗ್ರಾಂ. ಡಿಗಾಕ್ಸಿನ್ ಹಿಡಿಯುತ್ತದೆ. ಅಮೆರಿಕದಲ್ಲಿ 1986ರಿಂದ ಬಳಕೆಯಲ್ಲಿದೆ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇದು ಕೈಗೆ ಸಿಗುವುದಿಲ್ಲ, ಬೆಲೆಯೂ ಜನಸಾಮಾನ್ಯರಿಗೆ ಎಟಕುವಂಥದ್ದಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಹಾವಿನ ವಿಷಕ್ಕೆ ತಾಲ್ಲೂಕು ಮಟ್ಟದಲ್ಲಿ ಔಷಧ ಇಡಲು ಸಾಧ್ಯವಾದ ನಮಗೆ, ಇದನ್ನು ಕನಿಷ್ಠ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಾದರೂ ಇಡುವುದು ಅಸಾಧ್ಯವಾಗಬಾರದು. ಪ್ರತಿವಿಷ ಇಲ್ಲದ ಕಡೆ ತಾತ್ಕಾಲಿಕ ಪೇಸ್‌ಮೇಕರ್ ಹಾಕುವ ಸೌಲಭ್ಯವೇ ಆಸರೆ. ಬೆಂಗಳೂರು, ಮೈಸೂರು, ಕಲಬುರಗಿಗಳ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗೆ ಡಾಕ್ಟರು ಕಳುಹಿಸುತ್ತೇನೆಂದರೆ ತಡಮಾಡಬೇಡಿ.

ಡಯಾಲಿಸಿಸ್ ಮಾಡಿ ತೆಗೆದುಬಿಡಲು ಆಗುವುದಿಲ್ಲವೇ?

ಆಗುವುದಿಲ್ಲ. ಡಿಗಾಕ್ಸಿನ್‌ನ ಬಹುಪಾಲು ಮಾಂಸಖಂಡಗಳಲ್ಲಿ ಸೇರಿಕೊಂಡಿರುತ್ತದೆ, ರಕ್ತದಲ್ಲಿರುವುದು ಅತ್ಯಲ್ಪ. ಕಿಡ್ನಿಗಾಗಿ, ಪೊಟ್ಯಾಶಿಯಂ ಇಳಿಸಲೆಂದು ಡಯಾಲಿಸಿಸ್ ಮಾಡಬಹುದು. ಅದು ಬೇರೆ ಕಾರಣ.

ಮಗು ಅಜ್ಜನ ಮಾತ್ರೆ ನುಂಗಿಬಿಟ್ಟಿದೆ. ಏನು ಮಾಡಲಿ?

ಒಂದೇ ಮಾತ್ರೆಯಾದರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮಗು ಆಡಿಕೊಂಡಿದೆ ಎಂದು ಕಾಯಬೇಡಿ, ಲಯ ಕೆಡುವುದು ಗಂಟೆಗಳ ನಂತರ. ಮೊದಲ ಒಂದೆರಡು ಗಂಟೆಯೊಳಗೆ ತಲುಪಿದರೆ ಹೊಟ್ಟೆಯಲ್ಲಿರುವುದನ್ನು ಹೀರುವ ಇದ್ದಿಲ ಪುಡಿಯ ಔಷಧ ಕೊಡಲು ಅವಕಾಶವಿರುತ್ತದೆ. ಸ್ಟ್ರಿಪ್ಪಿನಲ್ಲಿ ಎಷ್ಟು ಖಾಲಿಯಾಗಿವೆ ಎಂದು ಎಣಿಸಿ ಹೇಳಿ.

ಹೃದಯದ ತೊಂದರೆಯಿಂದ ಡಿಗಾಕ್ಸಿನ್ ದ್ರಾವಣ ಕುಡಿಯುವ ಮಕ್ಕಳ ತಾಯಂದಿರಿಗೆ ಒಂದು ಮಾತು: ಬಾಟಲಿಯ ಜೊತೆ ಕೊಟ್ಟ ಡ್ರಾಪರಿನಲ್ಲೇ ಅಳೆಯಿರಿ, ಚಮಚದಲ್ಲಿ ಬೇಡ. 0.5 ಮಿ.ಲೀ. ಮತ್ತು 5 ಮಿ.ಲೀ. ನಡುವೆ ಒಂದು ಚುಕ್ಕೆಯ ಅಂತರ, ಔಷಧದಲ್ಲಿ ಹತ್ತು ಪಟ್ಟು. ಡ್ರಾಪರಿನ ಮೇಲೆ ಎಲ್ಲಿಯವರೆಗೆ ಎಳೆಯಬೇಕೆಂದು ನರ್ಸಮ್ಮನ ಕೈಯಲ್ಲೇ ಪೆನ್ನಿನಿಂದ ಗೆರೆ ಹಾಕಿಸಿಕೊಳ್ಳಿ.

ಕಣಗಿಲೆ ವಿಷವೂ ಇದೇ ಥರ ಎನ್ನುತ್ತಾರೆ. ನಿಜವೇ?

ನಿಜ. ದೇವರಿಗೆ ಏರಿಸುವ ಕೆಂಪು, ಬಿಳಿ ಕಣಗಿಲೆಯಲ್ಲೂ, ಬೇಲಿಯಲ್ಲಿ ಬೆಳೆಯುವ ಹಳದಿ ಕಣಗಿಲೆಯಲ್ಲೂ ಡಿಗಾಕ್ಸಿನ್‌ನ ದಾಯಾದಿಗಳಂಥ ವಿಷಗಳಿವೆ. ಹೃದಯದ ಜೀವಕೋಶಗಳ ಅದೇ ಪಂಪನ್ನು ಅವೂ ತಡೆಯುತ್ತವೆ. ಶ್ರೀಲಂಕಾದಲ್ಲಿ ಹಳದಿ ಕಣಗಿಲೆ ತಿಂದವರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಲೆ ಹೇಳಿದ ಪ್ರತಿವಿಷವೇ ಇದಕ್ಕೂ ಕೆಲಸ ಮಾಡಿತು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂವು ಬೇಡವೆಂದು ನಿರ್ಧರಿಸಿತು. ಪೂಜೆಗೆ ಬಳಸಿ, ಆದರೆ ತೀರ್ಥದ ಪಾತ್ರೆಗೆ, ಪ್ರಸಾದದ ತಟ್ಟೆಗೆ ಹಾಕಬೇಡಿ. ಮಕ್ಕಳಿಗೆ ಗಿಡ ತೋರಿಸಿ ಬಾಯಿಗೆ ಹಾಕಬಾರದೆಂದು ಹೇಳಿಕೊಡಿ.

ಯಾರಾದರೂ ಬೇಕೆಂದೇ ಇದನ್ನಾಗಲಿ, ಮಾತ್ರೆಯನ್ನಾಗಲಿ ತಿಂದಿದ್ದರೆ ಬೈಯಬೇಡಿ, ಮುಚ್ಚಿಡಬೇಡಿ. ಏನು ತಿಂದರು, ಯಾವಾಗ ತಿಂದರು ಎಂದು ಡಾಕ್ಟರಿಗೆ ನಿಜ ಹೇಳಿ. ಮೊದಲ ದಿನ ಚೆನ್ನಾಗಿ ಕಂಡರೂ ಮಾನಿಟರ್ ಬೇಕು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು.

ಒಮ್ಮೆ ವಿಷ ಏರಿ ವಾಸಿಯಾದ ಮೇಲೆ ಮತ್ತೆ ಅದೇ ಮಾತ್ರೆ ಶುರು ಮಾಡಬಹುದೇ?

ಕೆಲವರಿಗೆ ಮಾಡುತ್ತೇವೆ, ಕೆಲವರಿಗೆ ಬೇಡವೆನ್ನುತ್ತೇವೆ. ಯಾಕೆ ಏರಿತು ಎಂಬುದರ ಮೇಲೆ ಅದು ನಿಂತಿದೆ. ಭೇದಿಯಿಂದ ಮೈ ಒಣಗಿ ಆದದ್ದಾದರೆ, ಕಿಡ್ನಿ ಮತ್ತೆ ಸರಿಯಾದ ಮೇಲೆ ಕಡಿಮೆ ಪ್ರಮಾಣದಲ್ಲಿ ಕೊಡಬಹುದು. ಕಿಡ್ನಿಯೇ ಕಾಯಂ ಸೋತಿದ್ದರೆ ಬೇರೆ ಔಷಧ ಹುಡುಕುವುದು ಲೇಸು. ಯಾವುದನ್ನೂ ನೀವಾಗಿಯೇ ಶುರು ಮಾಡಬೇಡಿ. ಹಾಗೆಯೇ, ಇದನ್ನೆಲ್ಲ ಓದಿ ಹೆದರಿ, ಏನೂ ತೊಂದರೆ ಇಲ್ಲದವರು ಡಿಗಾಕ್ಸಿನ್ ನಿಲ್ಲಿಸಲೂ ಬೇಡಿ. ಬಡಿತದ ವೇಗ ಏರಿ ಮತ್ತೆ ಉಬ್ಬಸ ಬರಬಹುದು.

ಶುರು ಮಾಡಿದರೆ ಹಳೆಯ ಚೀಟಿಗಳನ್ನು ತೆಗೆದುಹಾಕಿ ಹೊಸದೊಂದನ್ನೇ ಇಟ್ಟುಕೊಳ್ಳಿ. ಹಳೆಯ ಚೀಟಿ ತೋರಿಸಿ ಹಳೆಯ ಪ್ರಮಾಣವನ್ನೇ ತಂದುಬಿಡುವುದು ಆಗಾಗ ನಡೆಯುತ್ತದೆ. ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ಮತ್ತೆ ನೋಡಿಸಿ. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ, ಮತ್ತು ನೀರಿನ ಮಾತ್ರೆ ಹೆಚ್ಚಿಸಿದಾಗ, ಹೊಸ ಮಾತ್ರೆ ಸೇರಿದಾಗ, ವಾಂತಿ ಭೇದಿಯಾದಾಗ ತಪ್ಪದೆ ಮಾಡಿಸಿ. ಈ ಎರಡು ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತವೆ.